2010ರ ಚಳಿಗಾಲದ ಒಲಿಂಪಿಕ್ಸ್ ನೋಡಲು ವ್ಯಾಂಕೂವರ್ ಕರಾವಳಿಗೆ ಬರುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

2010ರ ಫೆಬ್ರುವರಿ ಮೊದಲ ವಾರದ ಪರಿಸ್ಥಿತಿ ನೋಡಿಕೊಂಡು ಇದನ್ನು ಬರೆದಿದ್ದೇವೆ, ಇಲ್ಲಿನ ದರ, ನಿಯಮ, ವ್ಯವಸ್ಥೆಗಳೆಲ್ಲ ಆಗಿನವು. ಎಲ್ಲಕ್ಕಿಂತ ಮೊದಲು ಎರಡು ಮಾತು ತಲೆಯಲ್ಲಿಟ್ಟುಕೊಳ್ಳಿ. ವ್ಯಾಂಕೂವರ್ ಕೆನಡಾದ ಪಶ್ಚಿಮ ಸಮುದ್ರದ ದಂಡೆಯ ಊರು, ಇಲ್ಲಿ ಚಳಿಗಾಲ ಎಂದರೆ ಮಳೆಗಾಲ. ಎರಡನೆಯದು, ಸ್ವಂತ ಕಾರಿನಲ್ಲಿ ಬಂದು ಅಂಗಣದ ಬಾಗಿಲಲ್ಲಿ ಇಳಿಯುವ ಯೋಚನೆ ಇದ್ದರೆ ಇವತ್ತೇ ಬಿಟ್ಟುಬಿಡಿ.

ಕ್ರೀಡಾಕೂಟ ಯಾವತ್ತಿನಿಂದ ಯಾವತ್ತಿನವರೆಗೆ?

ಫೆಬ್ರುವರಿ 12ರಿಂದ 28ರವರೆಗೆ. ಉದ್ಘಾಟನೆ 12ರ ಶುಕ್ರವಾರ ಸಂಜೆ 6ಕ್ಕೆ, ವ್ಯಾಂಕೂವರ್ ಪೇಟೆಯ ನಡುವೆ ಇರುವ ಬಿ.ಸಿ. ಪ್ಲೇಸ್ ಕ್ರೀಡಾಂಗಣದಲ್ಲಿ. ಸಮಾರೋಪವೂ ಅಲ್ಲೇ. ಪ್ಯಾರಾಲಿಂಪಿಕ್ಸ್ ಮಾರ್ಚ್ 12ರಿಂದ 21ರವರೆಗೆ. ಇಲ್ಲಿಯ ಗಡಿಯಾರ ಭಾರತಕ್ಕಿಂತ 13 ಗಂಟೆ 30 ನಿಮಿಷ ಹಿಂದೆ. ಹಾಗಾಗಿ ಊರಿನ ಟಿ.ವಿ.ಯಲ್ಲಿ 13ರ ಶನಿವಾರ ಬೆಳಿಗ್ಗೆ ಕಾಣುವ ಉದ್ಘಾಟನೆ ಇಲ್ಲಿ 12ರ ಸಂಜೆ ನಡೆಯುತ್ತಿರುತ್ತದೆ. ವಿಮಾನ ಟಿಕೆಟ್ ಮಾಡಿಸುವಾಗ ಈ ಒಂದು ದಿನದ ವ್ಯತ್ಯಾಸದಲ್ಲೇ ಜನ ಎಡವುವುದು.

ಯಾವ ಆಟ ಎಲ್ಲಿ ನಡೆಯುತ್ತದೆ?

ಸೂರು ಬೇಕಾದ ಐಸ್ ಆಟಗಳೆಲ್ಲ ಕೆಳಗೆ, ಸಮುದ್ರ ಮಟ್ಟದಲ್ಲಿ. ಹಿಮ ಬೇಕಾದವು ಮೇಲೆ, ಬೆಟ್ಟದಲ್ಲಿ.

ಐಸ್ ಹಾಕಿಯ ಮುಖ್ಯ ಅಂಗಣ ಬಿ.ಸಿ. ಪ್ಲೇಸ್ ಪಕ್ಕದಲ್ಲೇ ಇದೆ. ಸ್ಥಳೀಯರು ಅದನ್ನು ಜಿ.ಎಂ. ಪ್ಲೇಸ್ ಎನ್ನುತ್ತಾರೆ, ನಿಮ್ಮ ಟಿಕೆಟ್ಟಿನಲ್ಲಿ ಕೆನಡಾ ಹಾಕಿ ಪ್ಲೇಸ್ ಎಂದಿರುತ್ತದೆ. ಒಲಿಂಪಿಕ್ಸ್ ನಿಯಮದ ಪ್ರಕಾರ ಅಂಗಣಕ್ಕೆ ಕಂಪನಿಯ ಹೆಸರು ಇರುವಂತಿಲ್ಲ, ಅದಕ್ಕೇ ಈ ತಾತ್ಕಾಲಿಕ ಹೆಸರು. ಎರಡೂ ಒಂದೇ ಕಟ್ಟಡ, ಸ್ಟೇಡಿಯಂ–ಚೈನಾಟೌನ್ ಸ್ಟೇಷನ್ನಿನಲ್ಲಿ ಇಳಿಯಿರಿ. ಹಾಕಿಯ ಇನ್ನೊಂದು ಅಂಗಣ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಆವರಣದಲ್ಲಿದೆ. ಅಲ್ಲಿಗೆ ರೈಲಿಲ್ಲ, ಬ್ರಾಡ್‌ವೇ ರಸ್ತೆಯಲ್ಲಿ ಓಡುವ 99ನೇ ನಂಬರಿನ ಬಿ-ಲೈನ್ ಬಸ್ ಹಿಡಿಯಬೇಕು.

ಫಿಗರ್ ಸ್ಕೇಟಿಂಗ್ ಮತ್ತು ಶಾರ್ಟ್ ಟ್ರ್ಯಾಕ್ (ಚಿಕ್ಕ ಸುತ್ತಿನ ಸ್ಪೀಡ್ ಸ್ಕೇಟಿಂಗ್) ಎರಡೂ ಹೇಸ್ಟಿಂಗ್ಸ್ ಪಾರ್ಕಿನ ಪೆಸಿಫಿಕ್ ಕೊಲಿಸಿಯಂನಲ್ಲಿ. ಇದಕ್ಕೂ ಬಸ್ಸೇ ಗತಿ. ಕರ್ಲಿಂಗ್ (ಐಸ್ ಮೇಲೆ ಕಲ್ಲು ಜಾರಿಸಿ ಗುರಿ ಮುಟ್ಟಿಸುವ ಆಟ) ನಡೆಯುವ ವ್ಯಾಂಕೂವರ್ ಒಲಿಂಪಿಕ್ ಸೆಂಟರ್ ಕೆನಡಾ ಲೈನ್ ರೈಲಿನ ಕಿಂಗ್ ಎಡ್ವರ್ಡ್ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ಲಾಂಗ್ ಟ್ರ್ಯಾಕ್ ಸ್ಪೀಡ್ ಸ್ಕೇಟಿಂಗ್ ಪಕ್ಕದ ಊರು ರಿಚ್ಮಂಡಿನ ಓವಲ್‌ನಲ್ಲಿ. ಅಲ್ಲಿ ಸ್ಟೇಷನ್ನಿನಿಂದ ಅಂಗಣಕ್ಕೆ ಒಂದೂವರೆ, ಎರಡು ಕಿಲೋಮೀಟರ್ ನಡಿಗೆ ಇದೆ. ನಡೆದು ಒಳಗೆ ಹೋದ ಮೇಲೆ ಒಮ್ಮೆ ತಲೆ ಎತ್ತಿ ಚಾವಣಿ ನೋಡಿ. ಪೈನ್ ಜೀರುಂಡೆ ಕೊಂದುಹಾಕಿದ ಮರಗಳ ಹಲಗೆಯನ್ನು ಅಲೆಯಲೆಯಾಗಿ ಜೋಡಿಸಿದ್ದಾರೆ. ಈ ಪ್ರಾಂತ್ಯದ ಕಾಡುಗಳನ್ನು ಆ ಹುಳು ಎಷ್ಟು ಹಾಳು ಮಾಡಿದೆ ಎಂದು ಗೊತ್ತಿದ್ದವರಿಗೆ ಆ ಚಾವಣಿ ಬರೀ ಅಲಂಕಾರ ಅನಿಸುವುದಿಲ್ಲ.

ಫ್ರೀಸ್ಟೈಲ್ ಸ್ಕೀಯಿಂಗ್ ಮತ್ತು ಸ್ನೋಬೋರ್ಡ್ ಸ್ಪರ್ಧೆಗಳು ಸೈಪ್ರೆಸ್ ಮೌಂಟನ್‌ನಲ್ಲಿ. ಪೇಟೆಯಿಂದಲೇ ಕಾಣುವ ಬೆಟ್ಟ. ಉಳಿದದ್ದೆಲ್ಲ ಸುಮಾರು 125 ಕಿ.ಮೀ. ಉತ್ತರದ ವಿಸ್ಲರ್‌ನಲ್ಲಿ. ಆಲ್ಪೈನ್ ಸ್ಕೀಯಿಂಗ್ (ಬೆಟ್ಟದ ಇಳಿಜಾರಿನ ಸ್ಕೀ ಓಟ) ವಿಸ್ಲರ್ ಕ್ರೀಕ್‌ಸೈಡ್‌ನಲ್ಲಿ, ಬಾಬ್‌ಸ್ಲೆಡ್, ಲ್ಯೂಜ್, ಸ್ಕೆಲಿಟನ್ ಎಂಬ ಜಾರುಗಾಡಿ ಸ್ಪರ್ಧೆಗಳು ಮೂರೂ ಬ್ಲ್ಯಾಕ್‌ಕೋಂಬ್ ಬೆಟ್ಟದ ಸ್ಲೈಡಿಂಗ್ ಸೆಂಟರಿನಲ್ಲಿ. ಕ್ರಾಸ್-ಕಂಟ್ರಿ, ಬಯಾಥ್ಲಾನ್ (ಸ್ಕೀ ಓಟದ ನಡುವೆ ಗುರಿಗೆ ಗುಂಡು ಹೊಡೆಯುವ ಸ್ಪರ್ಧೆ), ಸ್ಕೀ ಜಂಪಿಂಗ್ ನಡೆಯುವ ವಿಸ್ಲರ್ ಒಲಿಂಪಿಕ್ ಪಾರ್ಕ್ ಮಾತ್ರ ವಿಸ್ಲರ್ ಹಳ್ಳಿಯಲ್ಲಿಲ್ಲ, ಅದಕ್ಕೂ ಮೊದಲೇ ಸಿಗುವ ಕ್ಯಾಲಹನ್ ಕಣಿವೆಯಲ್ಲಿದೆ. ಹೆಸರಿನಲ್ಲಿ ವಿಸ್ಲರ್ ಇದೆ ಎಂದು ಹಳ್ಳಿಯ ಬಸ್ ಹತ್ತಿದರೆ ಸ್ಪರ್ಧೆ ತಪ್ಪಿತೆಂದೇ ಲೆಕ್ಕ.

ವ್ಯಾಂಕೂವರಿನಲ್ಲಿ ಹಿಮವೇ ಇಲ್ಲವಂತೆ, ನಿಜವೇ?

ಪೇಟೆಯಲ್ಲಿ ಇಲ್ಲ, ಬಹುಶಃ ಬರುವುದೂ ಇಲ್ಲ. ಫೆಬ್ರುವರಿಯಲ್ಲಿ ಇಲ್ಲಿ ಮಾಮೂಲಾಗಿ ಹಗಲು 8 ಡಿಗ್ರಿ, ರಾತ್ರಿ 1–2 ಡಿಗ್ರಿ, ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಮಳೆ. ಈ ವರ್ಷವಂತೂ ಎಲ್ ನಿನೋ ಚಳಿಗಾಲ. ದಾಖಲೆ ಇಡಲು ಶುರು ಮಾಡಿದಾಗಿನಿಂದ ಇಷ್ಟು ಬೆಚ್ಚನೆಯ ಜನವರಿಯನ್ನು ಈ ಊರು ಕಂಡಿಲ್ಲ. ಸರಾಸರಿ ಉಷ್ಣಾಂಶ 7.2 ಡಿಗ್ರಿ.

ಇದರ ಹಿಂದಿನ ಲೆಕ್ಕ ತಿಳಿದುಕೊಂಡರೆ ಬೆಳಿಗ್ಗೆ ಎದ್ದು ಏನು ಹಾಕಿಕೊಳ್ಳಬೇಕು ಎಂಬುದೂ ಗೊತ್ತಾಗುತ್ತದೆ. ಅರಬ್ಬಿ ಸಮುದ್ರದ ಮೋಡ ಘಟ್ಟಕ್ಕೆ ಬಡಿದು ಆಗುಂಬೆಯಲ್ಲಿ ಸುರಿಯುವ ಹಾಗೆಯೇ, ಪೆಸಿಫಿಕ್‌ನ ಒದ್ದೆ ಗಾಳಿ ಇಲ್ಲಿ ಕರಾವಳಿಗೆ ಅಂಟಿಕೊಂಡೇ ನಿಂತಿರುವ ಬೆಟ್ಟಸಾಲಿಗೆ ಬಡಿದು ಮೇಲೇರುತ್ತದೆ, ತಣಿಯುತ್ತದೆ, ಸುರಿಯುತ್ತದೆ. ಪ್ರತಿ ಸಾವಿರ ಮೀಟರ್ ಏರಿದಂತೆ ಸುಮಾರು 6 ಡಿಗ್ರಿ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ದಂಡೆಯಲ್ಲಿ 8 ಡಿಗ್ರಿ ಇದ್ದರೆ 900 ಮೀಟರಿನಲ್ಲಿ ಎರಡೂವರೆ ಡಿಗ್ರಿ, ಅಂದರೆ ಅಲ್ಲೂ ಮಳೆ ಅಥವಾ ಒದ್ದೆ ಹಿಮ. ಸೈಪ್ರೆಸ್ ಸ್ಪರ್ಧೆಗಳು ನಡೆಯುವುದು ಹೆಚ್ಚುಕಡಿಮೆ ಈ ಎತ್ತರದಲ್ಲೇ. ಸಮುದ್ರದ ಗಾಳಿ ಮೊದಲು ತಾಗುವುದೂ ಆ ಬೆಟ್ಟಕ್ಕೇ. 2,180 ಮೀಟರಿನ ವಿಸ್ಲರ್ ಶಿಖರದಲ್ಲಿ ಅದೇ ಹೊತ್ತಿಗೆ ಸೊನ್ನೆಗಿಂತ 5 ಡಿಗ್ರಿ ಕೆಳಗೆ, ಗರಿಗರಿ ಹಿಮ. ಹವಾಯಿ ಕಡೆಯಿಂದ ಬೆಚ್ಚನೆಯ ಮಳೆಗಾಳಿ ಬೀಸಿದ ದಿನ ಮಳೆ ಹಿಮವಾಗುವ ಗೆರೆ ಇನ್ನೂ ಮೇಲಕ್ಕೆ ಸರಿಯುತ್ತದೆ. ಇಲ್ಲಿಯವರು ಅದನ್ನು ಪೈನಾಪಲ್ ಎಕ್ಸ್‌ಪ್ರೆಸ್ ಎಂದು ಕರೆಯುತ್ತಾರೆ.

ಹಾಗಾದರೆ ಸೈಪ್ರೆಸ್‌ನ ಸ್ಪರ್ಧೆಗಳು ನಡೆಯುತ್ತವೆಯೇ?

ನಡೆಸುವುದಕ್ಕೇ ಎಲ್ಲ ಪ್ರಯತ್ನ ಸಾಗಿದೆ. ಇರುವ ಹಿಮ ಉಳಿಸಲು ಜನವರಿ 13ರಿಂದಲೇ ಬೆಟ್ಟವನ್ನು ಸಾರ್ವಜನಿಕರಿಗೆ ಮುಚ್ಚಿದರು. ಅಡಿಪಾಯಕ್ಕೆ ಹುಲ್ಲಿನ ಪಿಂಡಿ ಹಾಕಿ, ಅದರ ಮೇಲೆ ಲಾರಿಯಲ್ಲೂ ಹೆಲಿಕಾಪ್ಟರಿನಲ್ಲೂ ತಂದ ಹಿಮ ಸುರಿದು ಟ್ರ್ಯಾಕ್ ಕಟ್ಟುತ್ತಿದ್ದಾರೆ. ಆಟಗಾರರು ಜಾರುವ ಪಟ್ಟಿಯಲ್ಲಿ ಹಿಮ ಇರುತ್ತದೆ. ಆದರೆ ಪ್ರೇಕ್ಷಕರು ನಿಲ್ಲುವ ಜಾಗಕ್ಕೂ ಅಷ್ಟೇ ಹಿಮ ಸಿಗುತ್ತದೆಂದು ನಂಬುವ ಹಾಗಿಲ್ಲ. ನಿಮ್ಮದು ಕೂರುವ ಟಿಕೆಟ್ ಆಗಿರದೆ ನಿಂತು ನೋಡುವ ಟಿಕೆಟ್ ಆಗಿದ್ದರೆ ಹೊರಡುವ ದಿನ ಬೆಳಿಗ್ಗೆ ತಪ್ಪದೆ ಅಧಿಕೃತ ಪ್ರಕಟಣೆ ನೋಡಿ. ಕಾಲಡಿ ಕೆಸರು ಇದ್ದೇ ಇರುತ್ತದೆ ಎಂದುಕೊಂಡೇ ಬನ್ನಿ.

ಏನು ಉಟ್ಟು ಬರಬೇಕು?

ಒಂದು ದಪ್ಪ ಕೋಟು ತಂದರೆ ಸಾಕು ಎನ್ನುವುದು ದೊಡ್ಡ ತಪ್ಪು. ಪೇಟೆಯಲ್ಲಿ ಅದು ಸೆಕೆ, ಮಳೆಯಲ್ಲಿ ತೊಯ್ದು ಭಾರ, ಬೆಟ್ಟದಲ್ಲಿ ಒದ್ದೆಯಾದ ಮೇಲೆ ನಿಷ್ಪ್ರಯೋಜಕ. ಮೂರು ಪದರ ಮಾಡಿ. ಮೈಗೆ ತಾಗುವ ಪದರ ಉಣ್ಣೆ ಅಥವಾ ಪಾಲಿಯೆಸ್ಟರಿನದು, ನಡುವೆ ಫ್ಲೀಸ್ ಅಥವಾ ಸ್ವೆಟರ್, ಹೊರಗೆ ನೀರು ಒಳಬಿಡದ, ಟೊಪ್ಪಿ ಇರುವ ಜಾಕೆಟ್. ಬೆಟ್ಟಕ್ಕೆ ಹೋಗುವುದಾದರೆ ಪ್ಯಾಂಟಿನ ಮೇಲೂ ಒಂದು ಮಳೆ ಪ್ಯಾಂಟ್.

ಹತ್ತಿ ಬಟ್ಟೆ ಬೆಟ್ಟಕ್ಕೆ ಆಗುವುದೇ ಇಲ್ಲ. ಜೀನ್ಸ್, ಹತ್ತಿ ಬನಿಯನ್, ಹತ್ತಿ ಕಾಲುಚೀಲ ಮೂರೂ ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತವೆ, ಬೇಗ ಒಣಗುವುದಿಲ್ಲ, ಮೈಯ ಶಾಖವನ್ನೆಲ್ಲ ಎಳೆದುಬಿಡುತ್ತವೆ. ಪ್ರೇಕ್ಷಕರಿಗೆ ಚಳಿ ಹತ್ತುವುದು ನಡೆಯುವಾಗ ಅಲ್ಲ. ಬೆಟ್ಟದಲ್ಲಿ ಹತ್ತು ನಿಮಿಷ ಏರಿ ಬೆವರುತ್ತೀರಿ, ಆಮೇಲೆ ಮೂರು ಗಂಟೆ ಅಲ್ಲಾಡದೆ ನಿಲ್ಲುತ್ತೀರಿ. ಒಳಗಿನ ಆ ಬೆವರೇ ನಡುಕ ತರುವುದು. ಅದಕ್ಕೇ ಏರುವಾಗ ಸ್ವೆಟರ್ ತೆಗೆದು ಚೀಲಕ್ಕೆ ಹಾಕಿಕೊಳ್ಳಿ, ನಿಂತ ಕೂಡಲೇ ಹಾಕಿ.

ಪಾದಕ್ಕೆ ನೀರು ಹೊಗದ, ಅಡಿಯಲ್ಲಿ ಗಟ್ಟಿ ಹಲ್ಲಿರುವ ಬೂಟು. ಉಣ್ಣೆ ಕಾಲುಚೀಲದ ಒಂದು ಜೊತೆ ಹೆಚ್ಚುವರಿ ಇಟ್ಟುಕೊಂಡು ಮಧ್ಯಾಹ್ನ ಬದಲಾಯಿಸಿ. ಬೂಟಿನೊಳಗೆ ಎರಡು ಜೊತೆ ಬಿಗಿಯಾಗಿ ತುರುಕಬೇಡಿ, ರಕ್ತ ಓಡದೆ ಕಾಲು ಇನ್ನೂ ಬೇಗ ಮರಗಟ್ಟುತ್ತದೆ. ಛತ್ರಿ ಪೇಟೆ ಸುತ್ತಲು ಬೇಕೇ ಬೇಕು. ಅಂಗಣದಲ್ಲಿ ಹಿಂದಿನವರಿಗೆ ಅಡ್ಡ, ಅಲ್ಲಿ ರೇನ್‌ಕೋಟೇ ಸರಿ. ಒಳಾಂಗಣಗಳಲ್ಲೂ ಐಸ್ ಹತ್ತಿರ ಕೂತರೆ ಚಳಿಯೇ, ಸ್ವೆಟರ್ ಕೈಯಲ್ಲಿರಲಿ.

ವಿಮಾನ ನಿಲ್ದಾಣದಿಂದ ಪೇಟೆಗೆ?

ಕೆನಡಾ ಲೈನ್ ರೈಲು. 2009ರ ಆಗಸ್ಟ್ 17ರಂದು ಶುರುವಾದ ಹೊಚ್ಚ ಹೊಸ ಮಾರ್ಗ, ವಿಮಾನ ನಿಲ್ದಾಣದಿಂದ ಪೇಟೆಯ ವಾಟರ್‌ಫ್ರಂಟ್ ಸ್ಟೇಷನ್ನಿಗೆ 25 ನಿಮಿಷದ ಆಸುಪಾಸು. ನಿಲ್ದಾಣದಿಂದ ಹೊರಡುವಾಗ ಮಾಮೂಲಿ ದರದ ಮೇಲೆ 5 ಡಾಲರ್ ಹೆಚ್ಚುವರಿ ಕೊಡಬೇಕು, ಈ ಜನವರಿ 18ರಿಂದ ಜಾರಿಗೆ ಬಂದಿದೆ. ಪೇಟೆಯಿಂದ ನಿಲ್ದಾಣಕ್ಕೆ ಹೋಗುವಾಗ ಆ 5 ಡಾಲರ್ ಇಲ್ಲ. ಟ್ಯಾಕ್ಸಿಗೆ ಕ್ಯೂ ನಿಲ್ಲುವುದಕ್ಕಿಂತ ಇದು ಎಲ್ಲ ರೀತಿಯಲ್ಲೂ ಮೇಲು.

ಬಸ್ಸು, ರೈಲಿನ ದರ ಹೇಗೆ?

ನಗರವನ್ನು ಮೂರು ವಲಯ ಮಾಡಿದ್ದಾರೆ. ದೊಡ್ಡವರಿಗೆ ಒಂದು ವಲಯಕ್ಕೆ 2.50, ಎರಡಕ್ಕೆ 3.75, ಮೂರಕ್ಕೆ 5 ಡಾಲರ್, ದಿನದ ಪಾಸ್ 9 ಡಾಲರ್. ಒಮ್ಮೆ ಕೊಂಡ ಟಿಕೆಟ್ 90 ನಿಮಿಷ ನಡೆಯುತ್ತದೆ. ಅಷ್ಟರೊಳಗೆ ರೈಲು, ಬಸ್ಸು, ಸೀಬಸ್ ಎಂಬ ದೋಣಿ ಯಾವುದನ್ನಾದರೂ ಹತ್ತಿ ಇಳಿಯಬಹುದು. ವಾರದ ದಿನ ಸಂಜೆ 6.30 ಆದ ಮೇಲೆ ಮತ್ತು ಶನಿವಾರ, ಭಾನುವಾರ ಇಡೀ ದಿನ ಎಲ್ಲಿಗೆ ಹೋದರೂ ಒಂದು ವಲಯದ ದರವೇ.

ಆಟದ ಟಿಕೆಟ್ ಇದ್ದವರಿಗೆ ಅವತ್ತು ಈ ಯಾವ ಖರ್ಚೂ ಇಲ್ಲ. ಆ ಟಿಕೆಟ್ ತೋರಿಸಿದರೆ ನಗರದ ಸಾರಿಗೆಯಲ್ಲಿ ಆ ದಿನ ಪೂರ್ತಿ ಓಡಾಡಬಹುದು. ಎಷ್ಟೋ ಜನ ಇದು ತಿಳಿಯದೆ ದಿನದ ಪಾಸಿಗೆ ದುಡ್ಡು ಕೊಡುತ್ತಾರೆ. ಬಸ್ಸಿನ ಡಬ್ಬಿ ನಾಣ್ಯ ಮಾತ್ರ ನುಂಗುತ್ತದೆ. ನೋಟು ತೆಗೆದುಕೊಳ್ಳುವುದಿಲ್ಲ, ಚಿಲ್ಲರೆಯನ್ನೂ ಕೊಡುವುದಿಲ್ಲ. ಒಂದು ಡಾಲರಿನ ಲೂನಿ, ಎರಡು ಡಾಲರಿನ ಟೂನಿ ನಾಲ್ಕಾರು ಜೇಬಿನಲ್ಲಿಟ್ಟುಕೊಳ್ಳಿ. ರೈಲು ನಿಲ್ದಾಣದ ಯಂತ್ರಗಳಲ್ಲಿ ನೋಟೂ ಕಾರ್ಡೂ ನಡೆಯುತ್ತವೆ.

ಬಾಡಿಗೆ ಕಾರು ತೆಗೆದುಕೊಳ್ಳಬಹುದೇ?

ಸ್ಪರ್ಧೆ ನೋಡಲಿಕ್ಕೆ ಬೇಡ. ಯಾವ ಅಂಗಣದಲ್ಲೂ ಪ್ರೇಕ್ಷಕರಿಗೆ ಪಾರ್ಕಿಂಗ್ ಇಲ್ಲ. ಪೇಟೆಗೆ ಪೂರ್ವದಿಂದ ಬರುವ ಜಾರ್ಜಿಯಾ ಮತ್ತು ಡನ್ಸ್‌ಮ್ಯೂರ್ ಮೇಲ್ಸೇತುವೆಗಳನ್ನು ಮುಚ್ಚಿದ್ದಾರೆ, ಮುಖ್ಯ ರಸ್ತೆಗಳಲ್ಲಿ ಒಂದೊಂದು ಲೇನ್ ಒಲಿಂಪಿಕ್ಸ್ ವಾಹನಗಳಿಗೇ ಮೀಸಲು. ಸೈಪ್ರೆಸ್ ಬೆಟ್ಟದ ರಸ್ತೆ ಖಾಸಗಿ ಕಾರುಗಳಿಗೆ ಬಂದ್. ವಿಸ್ಲರ್‌ಗೆ ಹೋಗುವ 99ನೇ ಹೆದ್ದಾರಿಯಲ್ಲಿ ಸ್ಕ್ವಾಮಿಶ್ ಎಂಬ ಊರು ದಾಟಿದ ಮೇಲೆ ತಪಾಸಣೆ ಠಾಣೆ ಇದೆ. ಹಗಲು ಹೊತ್ತಿನಲ್ಲಿ ಪರವಾನಗಿ ಇಲ್ಲದ ಕಾರನ್ನು ಅಲ್ಲಿಂದಲೇ ತಿರುಗಿಸಿ ಕಳಿಸುತ್ತಾರೆ.

ಬಿಡುವಿನ ದಿನ ಬೇರೆ ಕಡೆ ಸುತ್ತಲು ಕಾರು ಬೇಕೇ ಬೇಕೆಂದರೆ ಟೈರು ನೋಡಿ ತೆಗೆದುಕೊಳ್ಳಿ. ಬೆಟ್ಟದ ಹೆದ್ದಾರಿಗಳಲ್ಲಿ ಚಳಿಗಾಲದ ಟೈರ್ ಕಡ್ಡಾಯ, ಹಲ್ಲಿನ ಆಳ ಕನಿಷ್ಠ 3.5 ಮಿ.ಮೀ. ಇರಬೇಕು. ಬಾಡಿಗೆಗೆ ಕೊಡುವವರು ಕೇಳದಿದ್ದರೆ ಹೇಳುವುದಿಲ್ಲ, ಬುಕ್ ಮಾಡುವಾಗಲೇ ಬರೆಸಿಕೊಳ್ಳಿ.

ವಿಸ್ಲರ್ ಸ್ಪರ್ಧೆಗೆ ಒಂದೇ ದಿನದಲ್ಲಿ ಹೋಗಿ ಬರಬಹುದೇ?

ಬರಬಹುದು, ಆದರೆ ಆ ದಿನ ಬೇರೇನೂ ಇಟ್ಟುಕೊಳ್ಳಬೇಡಿ. ಪ್ರೇಕ್ಷಕರಿಗೆಂದೇ ಒಲಿಂಪಿಕ್ ಬಸ್ ಇದೆ. ಹೋಗಿ ಬರಲು ವಿಸ್ಲರ್‌ಗೆ 25, ಸೈಪ್ರೆಸ್‌ಗೆ 12 ಡಾಲರ್. ಆಟದ ಟಿಕೆಟ್ ಬೇರೆ, ಈ ಬಸ್ ಟಿಕೆಟ್ ಬೇರೆ. ನಗರ ಸಾರಿಗೆ ಪುಕ್ಕಟೆ ಎಂದು ಇದೂ ಪುಕ್ಕಟೆ ಅಂದುಕೊಳ್ಳಬೇಡಿ. ಮುಂಚಿತವಾಗಿ, ನಿಮ್ಮ ಸ್ಪರ್ಧೆಯ ಹೆಸರು ಮತ್ತು ಸಮಯಕ್ಕೆ ಹೊಂದುವಂತೆ ಕಾದಿರಿಸಬೇಕು. ಹತ್ತುವ ಜಾಗ ಯಾವುದೆಂದು ಟಿಕೆಟ್ಟಿನಲ್ಲೇ ಇರುತ್ತದೆ.

ಹಿಂದಿನಿಂದ ಲೆಕ್ಕ ಹಾಕಿ. ಸ್ಪರ್ಧೆ 10ಕ್ಕೆ ಎಂದಿಟ್ಟುಕೊಳ್ಳೋಣ. ಭದ್ರತಾ ತಪಾಸಣೆ, ನಡಿಗೆ, ಜಾಗ ಹುಡುಕುವುದು ಎಲ್ಲ ಸೇರಿ 8ಕ್ಕೆ ಬಾಗಿಲಲ್ಲಿರಬೇಕು. ಪ್ರಯಾಣ ಮಾಮೂಲಿ ದಿನ ಎರಡು ಗಂಟೆ, ಈಗ ಎರಡೂವರೆ ಇಟ್ಟುಕೊಳ್ಳಿ. ಅಂದರೆ ಬಸ್ ಬೆಳಿಗ್ಗೆ 5.30ಕ್ಕೇ ಹೊರಟಿರಬೇಕು, ನೀವು ಅದಕ್ಕೂ ಅರ್ಧ ಗಂಟೆ ಮುಂಚೆ ಅಲ್ಲಿರಬೇಕು. ಆ ಹೊತ್ತಿಗೆ ಬಸ್ ನಿಲ್ಲುವ ಜಾಗ ತಲುಪಿಸುವ ಮೊದಲ ರೈಲು ಇದೆಯೇ ಎಂದು ಹಿಂದಿನ ರಾತ್ರಿಯೇ ನೋಡಿ. ಬಸ್ ತಪ್ಪುವವರಲ್ಲಿ ಹೆಚ್ಚಿನವರು ಎಡವುವುದು ಈ ಕೊನೆಯ ಕೊಂಡಿಯಲ್ಲೇ.

ಆಟದ ಟಿಕೆಟ್ ಇಲ್ಲದೆ ವಿಸ್ಲರ್ ಹಳ್ಳಿ ನೋಡಬೇಕೆನ್ನುವವರಿಗೆ ಗ್ರೇಹೌಂಡ್ ಬಸ್ ಇದೆ, ಪೆಸಿಫಿಕ್ ಸೆಂಟ್ರಲ್ ನಿಲ್ದಾಣದಿಂದ. ಈ ಹೊತ್ತಿನಲ್ಲಿ ವಿಸ್ಲರ್‌ಗೆ ಪ್ರಯಾಣಿಕರ ರೈಲು ಇಲ್ಲ.

ಹೋಗುವಾಗ ಬಸ್ಸಿನ ಎಡ ಕಿಟಕಿ ಹಿಡಿಯಿರಿ. ಹಾರ್ಸ್‌ಶೂ ಬೇ ದಾಟಿದ ಮೇಲೆ ಸ್ಕ್ವಾಮಿಶ್‌ವರೆಗೆ ರಸ್ತೆ ಹೌ ಸೌಂಡ್ ಎಂಬ ಸಮುದ್ರದ ತೋಳಿನ ಅಂಚಿನಲ್ಲೇ ಸಾಗುತ್ತದೆ. ಸ್ಕ್ವಾಮಿಶ್‌ಗೆ ಸ್ವಲ್ಪ ಮೊದಲು ಬಲಕ್ಕೆ 335 ಮೀಟರ್ ಎತ್ತರದ ಶ್ಯಾನನ್ ಜಲಪಾತ, ಅದರ ಬೆನ್ನಿಗೇ ಸ್ಟಾವಾಮಸ್ ಚೀಫ್ ಎಂಬ 700 ಮೀಟರಿನ ಒಂಟಿ ಗ್ರಾನೈಟ್ ಬಂಡೆ. ಸ್ಕ್ವಾಮಿಶ್ ಇನ್ನೂ ಸಮುದ್ರ ಮಟ್ಟದಲ್ಲೇ ಇದೆ, ವಿಸ್ಲರ್ ಹಳ್ಳಿ 670 ಮೀಟರ್ ಮೇಲೆ. ಈ ಎರಡರ ನಡುವೆ ಎಲ್ಲೋ ಒಂದು ಕಡೆ ಗಾಜಿನ ಮೇಲಿನ ಹನಿ ಓಡುವುದು ನಿಧಾನವಾಗುತ್ತದೆ, ಬೆಳ್ಳಗಾಗುತ್ತದೆ, ಅಂಟಿಕೊಳ್ಳುತ್ತದೆ. ಮಳೆ ಹಿಮವಾಗುವ ಆ ಗೆರೆಯನ್ನು ಕಣ್ಣಾರೆ ದಾಟುವುದು ಈ ಪ್ರಯಾಣದ ಸೊಗಸು.

ಸ್ಪರ್ಧೆ ಮುಂದಕ್ಕೆ ಹೋದರೆ?

ಒಳಾಂಗಣದ ಆಟಗಳಿಗೆ ಆ ಭಯವಿಲ್ಲ. ಆಲ್ಪೈನ್ ಸ್ಪರ್ಧೆಗಳು ಮುಂದೂಡುವ ಸಾಧ್ಯತೆ ನಿಜಕ್ಕೂ ಇದೆ. ಕ್ರೀಕ್‌ಸೈಡ್‌ನ ಪುರುಷರ ಡೌನ್‌ಹಿಲ್ ದಾರಿ ಮೇಲಿನಿಂದ ಕೆಳಕ್ಕೆ ಸುಮಾರು 850 ಮೀಟರ್ ಇಳಿಯುತ್ತದೆ. ಒದ್ದೆ ಗಾಳಿ ಏರುವಾಗ ಮೋಡ ಕೂರುವುದು ಬೆಟ್ಟದ ಸೊಂಟದಲ್ಲಿ. ತುದಿಯಲ್ಲಿ ಬಿಸಿಲು, ಬುಡದಲ್ಲಿ ಸೋನೆಮಳೆ, ನಡುವೆ ಕೈ ಚಾಚಿದರೆ ಕೈ ಕಾಣದ ಮಂಜು. ಗಂಟೆಗೆ ನೂರು ಕಿಲೋಮೀಟರಿಗಿಂತ ವೇಗವಾಗಿ ಬರುವ ಆಟಗಾರನಿಗೆ ದಾರಿ ಗುರುತಿಸುವ ಮುಂದಿನ ಕಂಬ ಕಾಣದಿದ್ದರೆ ಓಟ ನಿಲ್ಲಿಸಲೇಬೇಕು. ನೀವು ನಿಂತ ಕಡೆ ಹವೆ ಚೆನ್ನಾಗಿದ್ದರೂ ಸ್ಪರ್ಧೆ ನಿಂತಿದೆಯಲ್ಲ ಎಂದು ರೇಗಬೇಡಿ.

ಆಲ್ಪೈನ್ ನೋಡಲೆಂದೇ ಬರುವವರು ವಿಸ್ಲರ್‌ನಲ್ಲಿ ಒಂದೇ ದಿನ ಇಟ್ಟುಕೊಳ್ಳದೆ ಮುಂದೆ ಎರಡು ದಿನ ಖಾಲಿ ಬಿಡುವುದು ಒಳ್ಳೆಯದು. ಮರುಪಾವತಿ, ಬದಲಿ ದಿನದ ಷರತ್ತುಗಳನ್ನು ಟಿಕೆಟ್ ಕೊಂಡ ದಿನವೇ ಓದಿಡಿ. ಬಸ್ ಟಿಕೆಟ್ಟಿಗೂ ಅದೇ ಷರತ್ತು ಅನ್ವಯಿಸುತ್ತದೆಯೇ ಎಂದೂ ನೋಡಿ.

ಟಿಕೆಟ್ ಈಗಲೂ ಸಿಗುತ್ತದೆಯೇ?

ಸಂಘಟನಾ ಸಮಿತಿಯ ಜಾಲತಾಣದಲ್ಲಿ ಆಗಾಗ ಉಳಿಕೆ ಟಿಕೆಟ್ ಬಿಡುತ್ತಾರೆ. ಬೇಡವಾದವರು ಬೇಕಾದವರಿಗೆ ಮಾರುವ ಅಧಿಕೃತ ವ್ಯವಸ್ಥೆಯೂ ಅಲ್ಲೇ ಇದೆ. ದರ 25 ಡಾಲರಿನಿಂದ ಶುರು. ಪುರುಷರ ಹಾಕಿ ಫೈನಲ್ಲಿನ ಮುಖಬೆಲೆಯೇ 775 ಡಾಲರಿನವರೆಗೆ, ಉದ್ಘಾಟನೆಯದು 1,100ರವರೆಗೆ. ರಸ್ತೆಯಲ್ಲಿ ಕೈಗೆ ತುರುಕುವವರ ಹತ್ತಿರ ಕೊಳ್ಳಬೇಡಿ. ಟಿಕೆಟ್ಟಿನ ಬಾರ್‌ಕೋಡ್ ಅಸಲಿಯೋ ನಕಲಿಯೋ ಗೊತ್ತಾಗುವುದು ಬಾಗಿಲಲ್ಲಿ ಮಾತ್ರ, ಅಷ್ಟು ಹೊತ್ತಿಗೆ ಮಾರಿದವನು ಕೈಗೆ ಸಿಕ್ಕುವುದಿಲ್ಲ.

ಕಡಿಮೆ ಖರ್ಚಿನಲ್ಲಿ ಒಳ್ಳೆಯ ಅನುಭವ ಬೇಕೆಂದರೆ ನಮ್ಮ ಆಯ್ಕೆ ಮಹಿಳಾ ಹಾಕಿಯ ಆರಂಭದ ಪಂದ್ಯಗಳು, ಕರ್ಲಿಂಗ್, ಕ್ರಾಸ್-ಕಂಟ್ರಿ. ಈ ಸಲ ಹಾಕಿ ಅಂಗಣ ಉತ್ತರ ಅಮೆರಿಕದ ಅಳತೆಯದು, 61 ಮೀಟರ್ ಉದ್ದ, 26 ಮೀಟರ್ ಅಗಲ. ಒಲಿಂಪಿಕ್ಸ್‌ನಲ್ಲಿ ಇದು ಮೊದಲ ಸಲ. ಅಗಲ ಕಡಿಮೆಯಾದ್ದರಿಂದ ಆಟಗಾರರ ಡಿಕ್ಕಿ ಹೆಚ್ಚು, ಗೋಲಿನತ್ತ ಹೊಡೆತವೂ ಬೇಗ.

ಬಾಬ್‌ಸ್ಲೆಡ್, ಲ್ಯೂಜ್ ನೋಡಲು ಎಲ್ಲಿ ನಿಲ್ಲಬೇಕು?

ಒಂದೇ ಕಡೆ ನಿಲ್ಲಬೇಡಿ. 1,450 ಮೀಟರ್ ದಾರಿ, 16 ತಿರುವು, 152 ಮೀಟರ್ ಇಳಿತ. ಜಾರುಗಾಡಿ ಗಂಟೆಗೆ 150 ಕಿ.ಮೀ. ವೇಗದಲ್ಲಿ ಬಂದರೆ ಸೆಕೆಂಡಿಗೆ 42 ಮೀಟರ್ ಆಯಿತು. ನಿಮ್ಮ ಮುಂದಿನ ಗೋಡೆಯ ಮೇಲೆ ಅದು ಇರುವುದು ಒಂದು ಸೆಕೆಂಡೋ ಎರಡೋ. ಕಣ್ಣಿಗಿಂತ ಮೊದಲು ಕಿವಿಗೆ ಬರುತ್ತದೆ. ದೂರದಲ್ಲಿ ಗುಡುಗುಟ್ಟುವ ಸದ್ದು, ಕಾಲಡಿಯ ಹಲಗೆಯ ನಡುಕ, ಸುಂಯ್ ಎಂದು ಒಂದು ಗೆರೆ, ಆಮೇಲೆ ಬರೀ ಐಸ್. ಫೋಟೊ ತೆಗೆಯುವವರು ಗಾಡಿ ಕಂಡ ಮೇಲೆ ಗುಂಡಿ ಒತ್ತಿದರೆ ಖಾಲಿ ಟ್ರ್ಯಾಕ್ ಸಿಗುತ್ತದೆ, ಸದ್ದು ಜೋರಾದ ಕೂಡಲೇ ಒತ್ತಲು ಶುರು ಮಾಡಿ. ಮೊದಲ ಸುತ್ತು ಮೇಲೆ, ತಳ್ಳಿ ಹತ್ತುವ ಜಾಗದಲ್ಲಿ ನೋಡಿ. ಮುಂದಿನ ಸುತ್ತಿಗೆ ಕೆಳಗಿನ ತಿರುವುಗಳಿಗೆ ಇಳಿದು ಬನ್ನಿ. 13ನೇ ತಿರುವಿಗೆ ಆಟಗಾರರು ಫಿಫ್ಟಿ-ಫಿಫ್ಟಿ ಎಂದು ಹೆಸರಿಟ್ಟಿದ್ದಾರೆ.

ಲ್ಯೂಜ್ ಪುರುಷರ ಸ್ಪರ್ಧೆ 13 ಮತ್ತು 14ರಂದು. ಹಿಮಾಚಲದ ಶಿವ ಕೇಶವನ್ ಅದರಲ್ಲಿದ್ದಾರೆ. 1998ರಿಂದ ಒಂದನ್ನೂ ತಪ್ಪಿಸದೆ ಬಂದ ಅವರಿಗೆ ಇದು ನಾಲ್ಕನೇ ಒಲಿಂಪಿಕ್ಸ್. ಆಲ್ಪೈನ್‌ನಲ್ಲಿ ಜಮ್‌ಯಾಂಗ್ ನಮ್‌ಗ್ಯಾಲ್, ಕ್ರಾಸ್-ಕಂಟ್ರಿಯಲ್ಲಿ ತಾಶಿ ಲುಂಡುಪ್ ಭಾರತದಿಂದ ಬಂದಿರುವ ಇನ್ನಿಬ್ಬರು. ಮೂರು ಜನರ ತಂಡಕ್ಕೆ ಕೂಗಿ ಹುರಿದುಂಬಿಸುವ ದನಿ ಕಡಿಮೆಯೇ ಇರುತ್ತದೆ. ವಿಸ್ಲರ್‌ಗೆ ಹೋಗುವವರು ಒಂದು ಬಾವುಟ ಚೀಲದಲ್ಲಿಟ್ಟುಕೊಳ್ಳಿ, ಕೋಲು ಬೇಡ.

ಅಂಗಣದ ಬಾಗಿಲಲ್ಲಿ ಏನು ತೊಂದರೆಯಾಗುತ್ತದೆ?

ವಿಮಾನ ನಿಲ್ದಾಣದ ಥರದ್ದೇ ತಪಾಸಣೆ. ಎರಡು ಗಂಟೆ ಮುಂಚೆ ಬನ್ನಿ, ಚೀಲ ಚಿಕ್ಕದಿರಲಿ. ಹಣದ ವಿಷಯದಲ್ಲೂ ಒಂದು ಎಚ್ಚರ: ಅಂಗಣದೊಳಗೆ ನಗದು ಅಥವಾ ವೀಸಾ ಕಾರ್ಡ್ ಮಾತ್ರ. ಬೇರೆ ಕಂಪನಿಯ ಕಾರ್ಡ್ ಇದ್ದವರು ಹೊರಗೇ ನಗದು ತೆಗೆದುಕೊಂಡು ಒಳಗೆ ಹೋಗಿ.

ಟಿಕೆಟ್ಟೇ ಇಲ್ಲದಿದ್ದರೂ ಬಂದು ಪ್ರಯೋಜನವಿದೆಯೇ?

ಖಂಡಿತ ಇದೆ. ಪೇಟೆಯಲ್ಲೂ ಯೇಲ್‌ಟೌನಿನಲ್ಲೂ ಲೈವ್‌ಸಿಟಿ ಎಂಬ ಸಂಭ್ರಮದ ಬಯಲು, ರಿಚ್ಮಂಡಿನಲ್ಲಿ ಅಂಥದ್ದೇ ಓ ಝೋನ್, ರಾಬ್ಸನ್ ಚೌಕದಲ್ಲಿ ಸ್ಕೇಟಿಂಗ್ ಕಟ್ಟೆ. ಗ್ರ್ಯಾನ್‌ವಿಲ್ ದ್ವೀಪದಿಂದ ಒಲಿಂಪಿಕ್ ವಿಲೇಜ್ ಸ್ಟೇಷನ್ನಿಗೆ ಬ್ರಸೆಲ್ಸ್‌ನಿಂದ ಎರವಲು ತಂದ ಟ್ರಾಮ್ ಮಾರ್ಚ್ 21ರವರೆಗೆ ಪುಕ್ಕಟೆ ಓಡುತ್ತದೆ. ಈ ನೆಲದ ಮೂಲನಿವಾಸಿಗಳಾದ ಲಿಲ್‌ವಾಟ್, ಮಸ್ಕ್ವಿಯಂ, ಸ್ಕ್ವಾಮಿಶ್, ಸ್ಲೇವಾಟುತ್ ಜನ ಈ ಕೂಟದ ಆತಿಥೇಯರಲ್ಲಿ ಸೇರಿದ್ದಾರೆ. ಅವರು ಪೇಟೆಯಲ್ಲಿ ಕಟ್ಟಿರುವ ಮಂಟಪವನ್ನು ನೋಡದೆ ಹೋಗಬೇಡಿ.

ಪೇಟೆಯಲ್ಲಿ ಕೋಣೆ ಸಿಗುತ್ತಿಲ್ಲ, ಸನ್‌ಶೈನ್ ಕೋಸ್ಟ್‌ನಲ್ಲಿ ಉಳಿದು ಓಡಾಡಬಹುದೇ?

ದಿನಾ ಓಡಾಡಲು ಆಗದು, ಎರಡು ಮೂರು ದಿನಕ್ಕೊಮ್ಮೆ ಬರುವುದಾದರೆ ಚೆನ್ನ. ನಕ್ಷೆಯಲ್ಲಿ ಹತ್ತಿರ ಕಂಡರೂ ಅಲ್ಲಿಗೆ ರಸ್ತೆ ಇಲ್ಲ, ನಡುವೆ ಹೌ ಸೌಂಡ್ ಇದೆ. ಹಾರ್ಸ್‌ಶೂ ಬೇಯಿಂದ ಲ್ಯಾಂಗ್‌ಡೇಲ್‌ಗೆ ಫೆರ್ರಿಯಲ್ಲಿ 40 ನಿಮಿಷ. ಪೇಟೆಯಿಂದ ಹಾರ್ಸ್‌ಶೂ ಬೇಗೆ 257ನೇ ನಂಬರಿನ ಎಕ್ಸ್‌ಪ್ರೆಸ್ ಬಸ್ ಇದೆ. ಫೆರ್ರಿಯ ದುಡ್ಡು ಹಾರ್ಸ್‌ಶೂ ಬೇಯಲ್ಲಿ ಹತ್ತುವಾಗ ಮಾತ್ರ ತೆಗೆದುಕೊಳ್ಳುತ್ತಾರೆ, ಆ ದರದಲ್ಲಿ ಎರಡೂ ದಿಕ್ಕಿನದು ಸೇರಿದೆ.

ತೊಡಕು ಇರುವುದು ರಾತ್ರಿ. ಹಾಕಿ ಪಂದ್ಯ ಮುಗಿಯುವ ಹೊತ್ತಿಗೆ ಕೊನೆಯ ಫೆರ್ರಿ ಹೊರಟಿರುತ್ತದೆ. ಸಂಜೆಯ ಸ್ಪರ್ಧೆ ಇದ್ದ ದಿನ ಈ ದಡದಲ್ಲೇ ಮಲಗಲು ಜಾಗ ನೋಡಿಕೊಳ್ಳಿ. ಕಾರಿಲ್ಲದೆ ಬರುವವರಿಗೆ ಫೆರ್ರಿಯಲ್ಲಿ ಜಾಗದ ಚಿಂತೆ ಕಡಿಮೆ, ಕಾರಿನವರು ಸಾಲಿನಲ್ಲಿ ಮುಂದಿನ ಹಡಗಿಗೆ ಕಾಯಬೇಕಾಗಬಹುದು.

ಪೇಟೆಗೆ ಹತ್ತಿರ ಬೇಕೆಂದರೆ ನಾರ್ತ್ ವ್ಯಾಂಕೂವರ್ ನೋಡಿ, ಲಾನ್ಸ್‌ಡೇಲ್ ಕೀಯಿಂದ ಸೀಬಸ್ 12 ನಿಮಿಷದಲ್ಲಿ ವಾಟರ್‌ಫ್ರಂಟ್ ಮುಟ್ಟಿಸುತ್ತದೆ. ಸ್ಕೈಟ್ರೇನ್ ಎಂಬ ನಗರ ರೈಲಿನ ಸ್ಟೇಷನ್ ಹತ್ತಿರವಿದ್ದರೆ ಬರ್ನಬಿ, ನ್ಯೂ ವೆಸ್ಟ್‌ಮಿನ್‌ಸ್ಟರ್, ಸರ್ರಿಯೂ ಆದೀತು.

ಬಿಡುವಿನ ದಿನ ಕರಾವಳಿಯಲ್ಲಿ ಏನು ನೋಡಬಹುದು?

ಸನ್‌ಶೈನ್ ಕೋಸ್ಟ್‌ನಲ್ಲಿ ಎಗ್ಮಂಟ್ ಬಳಿಯ ಸ್ಕೂಕಮ್‌ಚಕ್ ಇಕ್ಕಟ್ಟು. ಉಬ್ಬರವಿಳಿತದ ನೀರು ಕಿರಿದಾದ ಕಡಲ ಬಾಯಿಯಲ್ಲಿ ನುಗ್ಗುವಾಗ ಗಂಟೆಗೆ 30 ಕಿ.ಮೀ. ಹತ್ತಿರದ ವೇಗ ಬರುತ್ತದೆ. ಕಾಡಿನಲ್ಲಿ ಒಂದು ದಿಕ್ಕಿಗೆ 4 ಕಿ.ಮೀ. ನಡಿಗೆ. ಉಬ್ಬರದ ಪಟ್ಟಿ ನೋಡದೆ ಹೋದರೆ ನೀರು ನಿಶ್ಚಲವಾಗಿರುವ ಹೊತ್ತಿಗೆ ತಲುಪಿ ಕೆರೆ ನೋಡಿ ಬಂದಂತಾಗುತ್ತದೆ. ಸ್ಕ್ವಾಮಿಶ್ ಪಕ್ಕದ ಬ್ರ್ಯಾಕನ್‌ಡೇಲ್‌ನಲ್ಲಿ ಸಾಲ್ಮನ್ ಮೀನು ತಿನ್ನಲು ಬೋಳುತಲೆ ಹದ್ದುಗಳು ಚಳಿಗಾಲದಲ್ಲಿ ಸೇರುತ್ತವೆ. 1994ರ ಎಣಿಕೆಯಲ್ಲಿ 3,769 ಸಿಕ್ಕಿದ್ದವು. ಫೆಬ್ರುವರಿ ನಡುವಿನ ಹೊತ್ತಿಗೆ ಗುಂಪು ಕರಗುತ್ತಿರುತ್ತದೆ, ಹೋಗುವವರು ಮೊದಲ ದಿನಗಳಲ್ಲೇ ಹೋಗಿ. ಸಂಜೆ ಐದೂವರೆಗೆ ಸೂರ್ಯ ಮುಳುಗುತ್ತಾನೆ, ಕಾಡಿನ ನಡಿಗೆ ಏನಿದ್ದರೂ ಮಧ್ಯಾಹ್ನದೊಳಗೆ ಮುಗಿಸಿ.

ಸಸ್ಯಾಹಾರಿಗಳಿಗೆ ಊಟ?

ವ್ಯಾಂಕೂವರಿನಲ್ಲಿ ಚಿಂತೆಯಿಲ್ಲ. ಮೇನ್ ರಸ್ತೆ ಮತ್ತು 49ನೇ ಅವೆನ್ಯೂ ಕೂಡುವ ಪಂಜಾಬಿ ಮಾರ್ಕೆಟ್‌ನಲ್ಲೂ ಸರ್ರಿಯಲ್ಲೂ ರೊಟ್ಟಿ, ದಾಲ್, ಸಿಹಿತಿಂಡಿ ಧಾರಾಳ. ವಿಸ್ಲರ್‌ನಲ್ಲಿ ಆಯ್ಕೆ ಕಡಿಮೆ, ಬೆಲೆ ಜಾಸ್ತಿ. ಬಸ್ಸಿನಲ್ಲಿ ತಿನ್ನಲು ಕಟ್ಟಿಕೊಂಡು ಹೋಗಿ. ನಲ್ಲಿ ನೀರು ಬೆಟ್ಟದ ಜಲಾಶಯಗಳದು, ಧೈರ್ಯವಾಗಿ ಕುಡಿಯಬಹುದು.

ಫಲಕದಲ್ಲಿ ಬರೆದದ್ದಕ್ಕಿಂತ ಹೆಚ್ಚು ಕೇಳುತ್ತಾರಲ್ಲ?

ಫಲಕದ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ಕೇಂದ್ರದ 5 ಶೇಕಡಾ, ಬಹಳಷ್ಟು ವಸ್ತುಗಳಿಗೆ ಪ್ರಾಂತ್ಯದ 7 ಶೇಕಡಾ ಮೇಲೆ ಬೀಳುತ್ತದೆ. ಹೋಟೆಲಿನಲ್ಲಿ ಬಡಿಸಿದವರಿಗೆ 15 ಶೇಕಡಾ ಟಿಪ್ಸ್ ಕೊಡುವುದು ರೂಢಿ.

ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ವೀಸಾ?

ಬೇಕು. ಆಟದ ಟಿಕೆಟ್ ಕೈಯಲ್ಲಿದ್ದ ಮಾತ್ರಕ್ಕೆ ವೀಸಾ ಸಿಗುವುದಿಲ್ಲ. ಅಮೆರಿಕದ ಮೂಲಕ ವಿಮಾನ ಬದಲಿಸುವವರಿಗೆ ಆ ದೇಶದ ವೀಸಾ ಕೂಡ ಬೇಕಾಗುತ್ತದೆ. ಸಿಯಾಟಲ್ ಕಡೆಯಿಂದ ರೈಲಿನಲ್ಲೋ ಕಾರಿನಲ್ಲೋ ಬರುವವರು ವಾಪಸು ಒಳಗೆ ಹೋಗಲು ತಮ್ಮ ಅಮೆರಿಕ ವೀಸಾ ಚಾಲ್ತಿಯಲ್ಲಿದೆಯೇ ಎಂದು ಹೊರಡುವ ಮೊದಲೇ ನೋಡಿಕೊಳ್ಳಬೇಕು. ಪ್ರಯಾಣ ವಿಮೆ ಮಾಡಿಸಿ, ಇಲ್ಲಿನ ಸರ್ಕಾರಿ ಆರೋಗ್ಯ ವ್ಯವಸ್ಥೆ ಪ್ರವಾಸಿಗರ ಖರ್ಚು ಭರಿಸುವುದಿಲ್ಲ. ತುರ್ತಿಗೆ 911.

ಫೆಬ್ರುವರಿಯಲ್ಲಿ ಬರಲಾಗದಿದ್ದರೆ?

ಮಾರ್ಚಿನ ಪ್ಯಾರಾಲಿಂಪಿಕ್ಸ್‌ಗೆ ಬನ್ನಿ. ಜನಜಂಗುಳಿ ಕಡಿಮೆ, ಕೋಣೆ ಸಿಗುವುದು ಸುಲಭ, ಹಗಲೂ ಉದ್ದ. ಸ್ಲೆಡ್ಜ್ ಹಾಕಿ (ಚಿಕ್ಕ ಜಾರುಗಾಡಿಯಲ್ಲಿ ಕೂತು ಆಡುವ ಐಸ್ ಹಾಕಿ) ವಿಶ್ವವಿದ್ಯಾಲಯದ ಅಂಗಣದಲ್ಲಿ, ಗಾಲಿಕುರ್ಚಿ ಕರ್ಲಿಂಗ್ ಈಗಿನ ಕರ್ಲಿಂಗ್ ಅಂಗಣದಲ್ಲೇ, ಸ್ಕೀಯಿಂಗ್ ಎಲ್ಲ ವಿಸ್ಲರ್‌ನಲ್ಲಿ. ಎರಡರಲ್ಲಿ ಒಂದನ್ನೇ ನೋಡಲು ಸಮಯವಿದ್ದು, ಮಕ್ಕಳನ್ನೂ ವಯಸ್ಸಾದವರನ್ನೂ ಕರೆತರುವುದಾದರೆ ನಾವು ಹೇಳುವುದು ಮಾರ್ಚನ್ನೇ. ಮಳೆಯ ಜಾಕೆಟ್ ಮಾತ್ರ ಆಗಲೂ ಬೇಕು.